ಟಗರುತಲೆಯ ಯೋಧ

ಮೊಮ್ಮಗಳು ರಂಜಿತಾ ಹೊಸ ಗೊಂಬೆಯ ಮೇಲೆ ತಂಬಿಗೆ ಎತ್ತಿದ್ದನ್ನು ಕಂಡು ಯತ್ತಪ್ಪ ಕಂಬಳಿಯ ಮೇಲೆ ನೆಟ್ಟಗೆ ಕುಳಿತ. ಹಿರಿಯೂರಿನ ಮಾವ ತಂದುಕೊಟ್ಟ ಗೇಣುದ್ದದ ರೆಸಿನ್ ಗೊಂಬೆ ಅದು. ಮೈಗೆ ಹಳೇ ಕಾಲದ ಯೋಧನ ಕವಚ, ಕೈಯಲ್ಲಿ ಕತ್ತಿ. ಹೆಗಲ ಮೇಲೆ ಮಾತ್ರ ಟಗರಿನ ತಲೆ.

"ಚೀನಾದೋರು ವರ್ಷಕ್ಕೊಂದು ಪ್ರಾಣಿ ಇಟ್ಟಾರಂತೆ ಅಜ್ಜ. ನಾನು ಹುಟ್ಟಿದ್ದು ಕುರಿ ವರ್ಷ. ಇದು ನಾನೇ!"

"ಮನುಷ್ಯರು ಕುರಿ ಆಗ್ತಾರೇನವ್ವ? ಮೊದ್ಲು ಆ ನೀರು ಕೆಳಗಿಡು."

"ಅಂಗಡಿ ಧೂಳು ಹಿಡ್ದೈತೆ, ತೊಳೀತೀನಿ. ನಿನ್ ಟಗರಿಗಿಂತ ಇದೇ ವಾಸಿ, ಸೊಪ್ಪು ಕೇಳಲ್ಲ."

ಮಾರಮ್ಮನಿಗೆ ಬಿಟ್ಟ ಟಗರಿನ ಮೇಲೆ ನೀರು ಚಿಮುಕಿಸಿ, ಅದು ಮೈ ಒದರುವ ತನಕ ಕಾಯುವುದು ಆ ಮನೆತನದ ಪದ್ಧತಿ. ಒದರಿದರೆ ದೇವಿಗೆ ಬಲಿ ಸಮ್ಮತವೆಂದು ಅರ್ಥ. ಅದನ್ನು ಕಂಡು ಕೂಗಿ ಹೇಳುವುದು ನಲವತ್ತು ವರ್ಷದಿಂದ ಯತ್ತಪ್ಪನ ಕೆಲಸ. ಅವನು ಕೂಗಿದ ಮೇಲೆ ಯಾವ ಟಗರೂ ಉಳಿದಿಲ್ಲ.

ರಂಜಿತಾ ತಂಬಿಗೆ ಬಗ್ಗಿಸಿಯೇಬಿಟ್ಟಳು. ಗೊಂಬೆಯ ಕೊಂಬಿಗೆ ಬಡಿದ ನೀರು ಸಿಡಿದು ರಂಜಿತಾಳ ಕುತ್ತಿಗೆಗೆ ಬಿತ್ತು. ಆ ತಣುಪಿಗೆ ಹುಡುಗಿಯ ಮೈ ನೆತ್ತಿಯಿಂದ ಹಿಮ್ಮಡಿಯವರೆಗೆ ಒಮ್ಮೆಲೇ ಒದರಿತು. ಯತ್ತಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಅಷ್ಟರಲ್ಲಿ ಗಂಟಲು ತನ್ನ ರೂಢಿಯಂತೆ ಕೂಗಿಬಿಟ್ಟಿತ್ತು:

"ಒಪ್ಪಿದ್ಲು ತಾಯಿ!"