ಅಳಿಯ ಮರ ಹತ್ತಿದ್ದು

“ಇವತ್ತು ಬೇಡ ಮಾವ, ಮೋಡ ಕಟ್ಟಿದೆ,” ಎಂದು ಇಯೊತೆಬಾ ಚಾಪೆಯ ಮೇಲೆ ಮಗ್ಗುಲು ಬದಲಿಸಿದ.

ಮಾವ ಬ್ವರನೀಕೋ ಕೋಲೂರಿಕೊಂಡು ಅಲ್ಲೇ ನಿಂತಿದ್ದರು. ಕಳೆದ ವಾರ ಹವಳದ ಬಂಡೆಯ ಮೇಲೆ ಜಾರಿಬಿದ್ದು ಮೊಣಕಾಲು ಊದಿಸಿಕೊಂಡಿದ್ದರು. ಎರಡು ತಿಂಗಳು ಮರದ ಹತ್ತಿರವೂ ಸುಳಿಯಕೂಡದೆಂದು ನೋನೌಟಿ ದ್ವೀಪದ ನರ್ಸಮ್ಮ ಹೇಳಿಬಿಟ್ಟಿದ್ದಳು. ಹಾಗಾಗಿ ಮನೆಯ ಮೂರು ತೆಂಗಿನ ಮರಗಳಿಂದ ನೀರಾ ಇಳಿಸುವ ಕೆಲಸ ಅಳಿಯನ ತಲೆಗೆ ಬಂದಿತ್ತು. ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ ಹತ್ತಿ ಹೊಂಬಾಳೆಯ ತುದಿಯನ್ನು ತೆಳ್ಳಗೆ ಕೆತ್ತಬೇಕು. ಎರಡು ದಿನ ಬಿಟ್ಟರೆ ಗಾಯ ಒಣಗಿ ಹೊಂಬಾಳೆ ಬತ್ತುತ್ತದೆ. ಆಮೇಲೆ ಎದೆಹಾಲು ಬಿಟ್ಟ ಅವನ ಕೂಸಿಗೆ ಬೆಳಗಿನ ಸಿಹಿ ನೀರಾ ಇಲ್ಲ. ನಿನ್ನೆ ಇಡೀ ದಿನ ಇಯೊತೆಬಾ ಮರ ಹತ್ತಿರಲಿಲ್ಲ.

“ಬಿಡಪ್ಪ, ಇವರು ಆರಂಭಶೂರರು,” ಎಂದಳು ಒಲೆ ಊದುತ್ತಿದ್ದ ಹೆಂಡತಿ ತೆರೇತಿಯಾ. “ದಿನಾ ಓಡ್ತೀನಿ ಅಂದ್ರು, ಮೂರು ದಿನ ಓಡಿದ್ರು. ಹೊಗೆಸೊಪ್ಪು ಬಿಟ್ಟೆ ಅಂದ್ರು, ಮಧ್ಯಾಹ್ನಕ್ಕೇ ನನ್ನಣ್ಣನ ಮುಂದೆ ಕೈ ಚಾಚಿದ್ರು.”

ಇಯೊತೆಬಾ ಹೊದಿಕೆಯನ್ನು ಮುಖದ ಮೇಲೆಳೆದುಕೊಂಡ. ಮಾತು ನಿಜವಾಗಿದ್ದರಿಂದಲೇ ಚುಚ್ಚಿತು. ಮೂವತ್ತಾರು ವರ್ಷದಲ್ಲಿ ಅವನು ಹಿಡಿದ ಯಾವ ಕೆಲಸವೂ ವಾರ ದಾಟಿರಲಿಲ್ಲ. ಹಿಡಿದದ್ದನ್ನು ಬಿಡದವರನ್ನು ದೇವರು ಬೇರೆಯದೇ ಮಣ್ಣಿನಿಂದ ಮಾಡಿರಬೇಕು ಎಂದು ಅವನು ನಂಬಿಬಿಟ್ಟಿದ್ದ.

ಮಾವ ಬೈಯಲಿಲ್ಲ. “ಹತ್ತಬೇಡಪ್ಪ. ಮರದ ತನಕ ಬಾ. ಮೊದಲನೇ ಕಚ್ಚಿನಲ್ಲಿ ಕಾಲಿಟ್ಟು ವಾಪಸ್ ಬಂದು ಮಲಕ್ಕೋ.”

“ಅಷ್ಟೇನಾ?”

“ಅಷ್ಟೇ.”

“ಅದ್ರಿಂದೇನು ಉಪಯೋಗ?”

“ಇವಳ ಬಾಯಿಂದಾದ್ರೂ ತಪ್ಪಿಸ್ಕೋತೀಯ.”

ಅದು ನ್ಯಾಯವಾದ ಮಾತೆನಿಸಿತು. ಎದ್ದು ಹೋಗಿ ಎಡಗಾಲನ್ನು ಕಾಂಡದ ಮೊದಲ ಕಚ್ಚಿನಲ್ಲಿಟ್ಟ. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ನಿಲ್ಲುವುದು ಸರಿಹೋಗಲಿಲ್ಲ; ಬಲಗಾಲನ್ನೂ ಎತ್ತಿದ. ಮತ್ತೆ ಕೆಳಗೆ ನೋಡುವಾಗ ಮಾವನ ತಲೆ ತೆಂಗಿನಕಾಯಿಯಷ್ಟಾಗಿತ್ತು. ಮೇಲೆ ಹೊಂಬಾಳೆಯ ಗಾಯ ಕಂದಿತ್ತು. ಒಂದು ಪದರ ಕೆತ್ತಿದ, ಏನೂ ಇಲ್ಲ. ಇನ್ನೊಂದು ಕೆತ್ತಿದ. ಮೂರನೆಯದಕ್ಕೆ ಒಂದೇ ಒಂದು ಹನಿ ಮೂಡಿ ತೂಗಾಡಿತು.

ಕೆಳಗೆ ತಡಿಕೆಯ ಮರೆಯಲ್ಲಿ ಸ್ನಾನ ಮಾಡುವ ಹೆಂಗಸರಿಗೆ ಮೇಲೆ ಆಳಿರುವುದು ತಿಳಿಯಲೆಂದು ಮರದ ಮೇಲಿದ್ದವರು ಹಾಡಬೇಕು, ಅದು ದ್ವೀಪದ ರೂಢಿ. ಖುಷಿಯಲ್ಲಿ ಇಯೊತೆಬಾನಿಗೆ ಒಂದು ಹಾಡೂ ನೆನಪಾಗಲಿಲ್ಲ. ರೇಡಿಯೊದಲ್ಲಿ ಕೇಳಿದ ಹಡಗಿನ ಪ್ರಕಟಣೆಯನ್ನೇ ಪ್ರಾರ್ಥನೆಯ ರಾಗದಲ್ಲಿ ಎತ್ತಿದ: “ಬುಧವಾರದ ಹಡಗು ಶುಕ್ರವಾರ ಬರುವುದು...”

“ಶುಕ್ರವಾರದ್ದು ಯಾವಾಗಪ್ಪಾ?” ಎಂದು ತಡಿಕೆಯ ಹಿಂದಿನಿಂದ ನೆರೆಮನೆಯ ಅಜ್ಜಿ ಕೂಗಿದಳು.

ಅಂದಿನಿಂದ ದಿನವೂ ಅದೇ ಒಪ್ಪಂದ, ಮೊದಲ ಕಚ್ಚಿನ ತನಕ ಮಾತ್ರ. ಎರಡು ಸಲ ಅವನು ನಿಜಕ್ಕೂ ಕಾಲಿಟ್ಟು ಹಿಂದಿರುಗಿ ಮಲಗಿದ. ಆ ಸಂಜೆಗಳಲ್ಲಿ ಯಾರೂ ಕರೆಯದೆಯೇ ಎದ್ದು ಹೋಗಿ ಹತ್ತಿದ.

ಎರಡು ತಿಂಗಳು ಕಳೆಯಿತು. ಮಾವನ ಕಾಲು ವಾಸಿಯಾಯಿತು, ಕೂಸಿನ ಕೆನ್ನೆ ತುಂಬಿತು. ಹೆಂಡತಿಯ ಬಾಯಲ್ಲಿ ಆರಂಭಶೂರನ ಮಾತು ನಿಂತು, “ಇವರು ಹಾಡೋದನ್ನ ಯಾರಾದ್ರೂ ನಿಲ್ಲಿಸಿ” ಎಂಬ ಹೊಸ ದೂರು ಶುರುವಾಯಿತು. ಒಂದು ಬೆಳಿಗ್ಗೆ ನೀರಾ ತುಂಬಿದ ಕರಟಗಳನ್ನು ಇಳಿಸಿಕೊಂಡು ಬಂದ ಇಯೊತೆಬಾ ಮಾವನ ಪಕ್ಕ ಕುಳಿತ.

“ಮಾವ, ಒಂದು ಕೇಳ್ಲಾ? ಇಷ್ಟು ದಿನ ಆಯ್ತು, ಇವತ್ತಿಗೂ ಬೆಳಿಗ್ಗೆ ಏಳೋಕೆ ಮನಸ್ಸೇ ಬರಲ್ಲ. ಹತ್ತಬೇಕು ಅನ್ನೋ ಆಸೆ ತಾನಾಗೇ ಬರೋಕೆ ಇನ್ನೆಷ್ಟು ದಿನ ಬೇಕು?”

ಮಾವ ನೀರಾದ ರುಚಿ ನೋಡಿ, ಮೀಸೆ ಒರೆಸಿಕೊಂಡು, ಮರದ ತುದಿಯನ್ನೊಮ್ಮೆ ದಿಟ್ಟಿಸಿದರು.

“ನನಗೂ ಗೊತ್ತಿಲ್ಲಪ್ಪ. ನಾನು ಶುರುಮಾಡಿ ಇನ್ನೂ ನಲವತ್ತೊಂದೇ ವರ್ಷ.”