ಪಕ್ಕದ ಸೀಟಿನ ತೂಕ

ಮಗಳ ಎರಡನೇ ಜಡೆ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಹೊರಗಿನಿಂದ ಅಪ್ಪನ ಕೂಗು ಕೇಳಿತು.

"ಬೇಗ ಬಾರೇ ಇಲ್ಲಿ. ಕಳ್ಳ ಸಿಕ್ಕಿಬಿದ್ದ."

ಅಮ್ಮ ಜಡೆ ಹಿಡಿದೇ ಹೊರಟಳು. ಜಡೆಯ ಹಿಂದೆ ಮಗಳೂ ಹೊರಟಳು.

ಅಪ್ಪ ಕಾರಿನ ಮುಂದಿನ ಚಕ್ರದೆದುರು ಮಂಡಿಯೂರಿದ್ದ. ಕಳ್ಳ ಎಂದರೆ ಟೈರು. ಕಳೆದ ತಿಂಗಳು ರೇಸ್ ಟ್ರ್ಯಾಕಿನ ಮೊದಲ ತಿರುವಿನಲ್ಲೇ ಕಾರು ನೆಟ್ಟಗೆ ಹುಲ್ಲಿಗೆ ನುಗ್ಗಿ, ಗಿರ್ರನೆ ತಿರುಗಿ ನಿಂತಿತ್ತು. ಅಂದಿನಿಂದ ಅವನು ಅಪರಾಧಿಯನ್ನು ಹುಡುಕುತ್ತಿದ್ದ. ವಿಮಾ ಕಚೇರಿಯಲ್ಲಿ ಅಪಘಾತದ ಅರ್ಜಿಗಳನ್ನು ಕೆದಕುವುದೇ ಅವನ ಉದ್ಯೋಗ. ಯಾರ ಮೇಲಾದರೂ ತಪ್ಪು ಹೊರಿಸದೆ ಕಡತ ಮುಚ್ಚುವ ಅಭ್ಯಾಸ ಅವನಿಗಿರಲಿಲ್ಲ.

"ಹೊರ ಅಂಚು ನೋಡು, ಹೆಂಗೆ ಸವೆದಿದೆ. ಇವತ್ತೇ ಟೈರ್ ಬದಲಾಯಿಸೋಣ. ನಾಳೆ ಅದೇ ತಿರುವಿಗೆ ಉತ್ತರ ಕೊಡ್ತೀನಿ."

ಆ ಕಾರಿಗೆ ಎರಡು ಬಾಳು. ವಾರವಿಡೀ ಅದು ಅಮ್ಮನ ಡ್ರೈವಿಂಗ್ ಶಾಲೆಯದು. ಅವಳ ಹತ್ತಿರ ಕಲಿತರೆ ಭಯವೇ ಗೊತ್ತಾಗುವುದಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ತಿಂಗಳಿಗೊಂದು ಭಾನುವಾರ ಮಾತ್ರ ತಲೆಯ ಮೇಲಿನ ಬೋರ್ಡು ಕಳಚಿ, ಅದು ಅಪ್ಪನ ರೇಸ್ ಕಾರಾಗುತ್ತಿತ್ತು. ಆ ದಿನ ಟ್ರ್ಯಾಕಿನಲ್ಲಿ ಯಾರು ಬೇಕಾದರೂ ತಮ್ಮ ಕಾರು ಓಡಿಸಬಹುದಿತ್ತು. ಅಮ್ಮ ಪಕ್ಕದಲ್ಲಿ ಕೂರುತ್ತಿದ್ದಳು. ಎಷ್ಟೇ ವೇಗವಿರಲಿ, ಚೀರಿದವಳಲ್ಲ. ಮನೆಗೆ ಬಂದು ಬಲಗಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳಷ್ಟೆ. ಸುಮ್ಮನೆ ಕೂತವಳಿಗೆ ಅದೆಂಥ ಕಾಲುನೋವು ಎಂದು ಅಪ್ಪ ನಗುತ್ತಿದ್ದ. ಕಳೆದ ತಿಂಗಳು ಮಾತ್ರ ಜ್ವರ ಬಂದು ಅವಳು ಮನೆಯಲ್ಲೇ ಉಳಿದಿದ್ದಳು. ಹಾಗಾಗಿ ಹುಲ್ಲಿನ ಕಥೆಯನ್ನು ಅಪ್ಪನ ಬಾಯಿಂದಲೇ ಕೇಳಬೇಕಾಯಿತು.

"ಅಮ್ಮಾ, ಒಂದು ಕೇಳ್ಲಾ?" ಎಂದಳು ಮಗಳು.

"ಮೊದಲು ತಲೆ ಅಲ್ಲಾಡಿಸದೆ ನಿಂತ್ಕೋ."

ಒಳಗೆ ಬಂದು ರಿಬ್ಬನ್ ಕಟ್ಟಿದ ಮೇಲೆ ಅಮ್ಮ ಅಡುಗೆಮನೆಗೆ ಹೋಗಿ ಟೈರ್ ಅಂಗಡಿಗೆ ಫೋನ್ ಮಾಡಿದಳು. ದನಿ ತಗ್ಗಿಸಿ ಮಾತಾಡಿದಳು. ಅಂಗಡಿಯವನು ಅವಳಲ್ಲೇ ಕಾರು ಕಲಿತವನು. ಮೆತ್ತನೆಯ ರೇಸ್ ಟೈರನ್ನು ಏನಾದರೂ ಮಾಡಿ ತಪ್ಪಿಸಬೇಕು, ಒದ್ದೆ ರಸ್ತೆಯಲ್ಲಿ ಅದು ಜಾರಿದರೆ ಕಲಿಯುವವರ ಗತಿಯೇನು, ಎಂದಳು. ಇನ್ನೂ ಏನೋ ಹೇಳಹೊರಟವಳು ಬಾಗಿಲಲ್ಲಿ ಮಗಳನ್ನು ಕಂಡು ಫೋನ್ ಇಟ್ಟಳು. ಮಗಳು ಬಾಯಿ ತೆರೆದಳು. ಅಮ್ಮ ಆ ಬಾಯಿಗೊಂದು ಬಾಳೆಹಣ್ಣಿನ ತುಂಡು ಇಟ್ಟಳು.

ಮಗಳ ಈ ಕೆದಕುವ ಚಟ ಇತ್ತೀಚಿನದು. ಎರಡು ತಿಂಗಳ ಹಿಂದೆ ಟ್ರ್ಯಾಕಿನಲ್ಲಿ, ಊಟದ ನಂತರದ ನಿಧಾನದ ಸುತ್ತಿಗೆ ಮಕ್ಕಳನ್ನೂ ಹತ್ತಿಸಿಕೊಂಡಿದ್ದರು. ಉಳಿದ ಮಕ್ಕಳು ಕಿಟಕಿಯಲ್ಲಿ ಕೈಬೀಸಿದರೆ, ಇವಳು ಮುಂದಿನ ಸೀಟುಗಳ ನಡುವೆ ತಲೆ ತೂರಿಸಿ ಇಡೀ ಸುತ್ತು ಕೆಳಗೇ ನೋಡುತ್ತಿದ್ದಳು. ವಾಂತಿ ಬರುತ್ತಿದೆಯೇನೋ ಎಂದು ಅಪ್ಪ ಗಾಜು ಇಳಿಸಿದ್ದ.

ಅಂಗಡಿಯಲ್ಲಿ ಹೊಸ ರಬ್ಬರಿನ ವಾಸನೆ. ಅಂಗಡಿಯವನು ಮೂರು ಟೈರು ಉರುಳಿಸಿಕೊಂಡು ಬಂದ. ಒಂದು ಆಳದ ಗೀರುಗಳಿದ್ದ ಸಾಮಾನ್ಯ ಟೈರು. ಇನ್ನೊಂದು ಗೀರೇ ಇಲ್ಲದಂತಿದ್ದ, ಉಗುರು ಒತ್ತಿದರೆ ಗುರುತು ಬೀಳುವ ರೇಸ್ ಟೈರು. ಮೂರನೆಯದು ಗೀರೂ ಇದ್ದು ಪಕ್ಕೆಯೂ ಗಟ್ಟಿಯಿದ್ದ, ಎರಡಕ್ಕೂ ನಡುವಿನದು.

ಅಪ್ಪನ ಕೈ ಮೆತ್ತನೆಯದರ ಮೇಲೆಯೇ ಇತ್ತು. ಅಂಗಡಿಯವನು ಹಳೆಯ ಟೈರನ್ನು ಬಿಚ್ಚಿ, ಬೆರಳಾಡಿಸಿ ನೋಡಿದ.

"ಆ ಮೆತ್ತನೇದು ನಿಮಗೆ ಬೇಡ ಸರ್. ಈ ಹಳೇ ಟೈರ್ ನೋಡಿ, ಗಕ್ಕನೆ ಬ್ರೇಕ್ ಹಾಕಿ ಚಕ್ರ ಕಚ್ಚಿ ನಿಂತು ಉಜ್ಜಿದ ಕಲೆ ಎಲ್ಲೂ ಇಲ್ಲ. ಈ ಕಾರಲ್ಲಿ ಬ್ರೇಕ್ ಹಾಕೋರ ಕಾಲು ತುಂಬಾ ನಾಜೂಕು. ಅಂಥವರಿಗೆ ನಡುವಿನದೇ ಸಾಕು."

ಅಪ್ಪನ ಎದೆ ಒಂದಿಂಚು ಉಬ್ಬಿತು. "ನಾನೂ ಇವಳಿಗೆ ಅದನ್ನೇ ಹೇಳೋದು. ನಾನು ಅಂದ್ಕೊಳ್ಳೋಕೆ ಮುಂಚೇನೇ ಕಾರು ಹದಕ್ಕೆ ಬಂದಿರುತ್ತೆ. ಕೆಲವರಿಗೆ ಅದು ಹುಟ್ಟಿನಿಂದಲೇ ಬರುತ್ತೆ ನೋಡಿ."

"ಬರುತ್ತೆ ಸರ್," ಎಂದ ಅಂಗಡಿಯವನು. "ಅಕ್ಕ ಏನಂತಾರೆ?"

ಅಕ್ಕ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಹೊಗಳಿಕೆ ಕೆಲಸ ಮಾಡಿತು. ಅಪ್ಪ ನಡುವಿನ ಟೈರಿಗೆ ಒಪ್ಪಿದ. ಅಮ್ಮ ನೆಮ್ಮದಿಯ ಉಸಿರು ಬಿಟ್ಟಳು. ಆದರೆ ಅಪ್ಪನ ಮಾತು ಮುಗಿದಿರಲಿಲ್ಲ.

"ಟೈರಲ್ಲಿ ಬಿಟ್ಟುಕೊಟ್ಟ ವೇಗಾನ ಕಾರಿನ ತೂಕ ಇಳಿಸಿ ವಾಪಸ್ ತಗೋತೀನಿ. ನಾಳೆಯಿಂದ ನಾನೊಬ್ಬನೇ. ಪಕ್ಕದ ಸೀಟನ್ನೂ ಬಿಚ್ಚಿ ಮನೇಲಿಟ್ಟು ಹೋಗ್ತೀನಿ. ಬೇಜಾರು ಮಾಡ್ಕೋಬೇಡ ಕಣೇ, ನೀನು ಅಲ್ಲಿ ಕೂತು ಮಾಡೋದಾದರೂ ಏನು?"

ಅಂಗಡಿಯವನ ಕೈಯ ಸ್ಪ್ಯಾನರ್ ಅಲ್ಲೇ ನಿಂತಿತು. ಅಮ್ಮ ಕ್ಯಾಲೆಂಡರ್ ಬಿಟ್ಟು ಗಂಡನೆದುರು ಬಂದಳು. ಬರ್ತೀನಿ ಎಂದಳು, ಜ್ವರ ಪೂರ್ತಿ ಬಿಟ್ಟಿದೆ ಎಂದಳು, ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಎಂದಳು. ಅಪ್ಪ ಪ್ರೀತಿಯಿಂದಲೇ ಬೇಡವೆಂದು ತಲೆಯಾಡಿಸಿದ. ಹೊಸ ಟೈರು, ಹಗುರ ಕಾರು, ಹಳೆಯ ತಿರುವು. ಈ ಸಲ ಇನ್ನೂ ಜೋರಾಗಿ ನುಗ್ಗುತ್ತಾನಂತೆ.

ಅಮ್ಮ ಹೇಳಲೋ ಬೇಡವೋ ಎಂದು ತುಟಿ ಕಚ್ಚಿದಳು. ಹೇಳಿದರೆ ಗಂಡನ ಮುಖ ಉಳಿಯುವುದಿಲ್ಲ. ಹೇಳದಿದ್ದರೆ ಗಂಡನೇ ಉಳಿಯುತ್ತಾನೋ ಇಲ್ಲವೋ. ಮಗಳ ಕಡೆ ನೋಡುವುದನ್ನೇ ಮರೆತಳು. ಬಾಯಿಗಿಡಲು ಕೈಯಲ್ಲಿ ಬಾಳೆಹಣ್ಣೂ ಇರಲಿಲ್ಲ.

ಟೈರುಗಳ ರಾಶಿಯ ಮೇಲೆ ಕುಳಿತಿದ್ದ ಮಗಳು ಕೊನೆಗೂ ಕೇಳಿಯೇಬಿಟ್ಟಳು:

"ಅಪ್ಪಾ, ನೀನೊಬ್ನೇ ಹೋದ್ರೆ, ಅಮ್ಮನ ಕಾಲ ಹತ್ರ ಇರೋ ಬ್ರೇಕನ್ನ ತಿರುವಲ್ಲೆಲ್ಲ ಯಾರು ಒತ್ತೋದು?"