ಅರ್ಧ ತಟ್ಟೆ

ಎತುವಾತಿ ತಟ್ಟೆಯನ್ನು ಬೆರಳಿನಿಂದ ಬಳಿದು ನೆಕ್ಕಿದ. "ನೋಡ್ಕೋ ತಾಯಿ, ನೀ ಹೇಳ್ದಂಗೆ ಅರ್ಧ ತಟ್ಟೇನೇ ಉಂಡೆ. ಇನ್ನಾದ್ರೂ ನನ್ನ ಪ್ರಾಣ ತಿನ್ಬೇಡ." ಸಕ್ಕರೆ ಕಾಯಿಲೆಗೆ ಕಾಲಿನ ಒಂದು ಬೆರಳು ಹೋಗಿದ್ದರೂ ಆ ಮನುಷ್ಯ, ರೋಗಿಗಳಿಗೆ ಕಸರತ್ತು ಕಲಿಸಿ ಪಥ್ಯ ಹೇಳುವ ಫೆತುವಿನ ಮಾತಿಗೆ ಮೂರು ತಿಂಗಳಿಂದ ಸೊಪ್ಪು ಹಾಕಿರಲಿಲ್ಲ. ಅದಕ್ಕೇ ಈ ಭಾನುವಾರ ಚರ್ಚು ಬಿಟ್ಟ ಮೇಲೆ ಅವಳು ಅವನ ಮನೆಗೇ ಬಂದು ಕಾವಲು ಕೂತಿದ್ದಳು.

ಗೆದ್ದೆ ಅಂದುಕೊಂಡಳು ಫೆತು. ಅಷ್ಟರಲ್ಲಿ, ಊಟದುದ್ದಕ್ಕೂ ಗಂಡನ ಪಕ್ಕ ಕೂತು ನೊಣಕ್ಕೆ ಬೀಸಣಿಗೆ ಬೀಸುತ್ತಿದ್ದ ಲೋಯಿಮಾತ ಆ ತಟ್ಟೆಯನ್ನು ತನ್ನ ಮುಂದೆ ಎಳೆದುಕೊಂಡಳು. ಅದರಲ್ಲಿ ಒಂದು ಮೂಳೆ ಉಳಿದಿತ್ತು. ಅದನ್ನೇ ಚೀಪತೊಡಗಿದಳು.

"ಪಾತ್ರೇಲಿ ಇನ್ನೂ ಮಾಂಸ ಇದ್ಯಲ್ಲಮ್ಮ?"

"ಅದು ರಾತ್ರಿಗೆ, ಅವ್ರಿಗೆ."

ಯಜಮಾನ ಉಂಡು ಬಿಟ್ಟದ್ದೇ ಹೆಂಡತಿಯ ಊಟ. ಫೆತುವಿನ ಅವ್ವನೂ ಹಾಗೇ ಉಂಡವಳು. ಬಡಿಸುವುದನ್ನು ಅರ್ಧ ಮಾಡಿಸುವಾಗ ತನಗೆ ಅದು ಹೇಗೆ ಮರೆತುಹೋಯಿತು? ಅವಳು ಎದ್ದು, ಪಾತ್ರೆಯಲ್ಲಿದ್ದ ಹಂದಿಮಾಂಸ, ಕೆಸವಿನ ಗೆಡ್ಡೆ ಎಲ್ಲವನ್ನೂ ಆ ತಟ್ಟೆಗೆ ಸುರಿದು ಇಬ್ಬರ ನಡುವೆ ಇಟ್ಟಳು. "ನಿಮ್ಮರ್ಧ ಆಯ್ತು ಯಜಮಾನ್ರೇ. ಇದು ನೀವು ಅಮ್ಮನಿಗೆ ಬಿಡ್ಬೇಕಾದ್ದು."

"ನನ್ನ ಮನೇಲಿ ನನಗೇ ಹೇಳ್ತೀಯಾ?" ಎತುವಾತಿಯ ಕೈ ಕೊಬ್ಬಿನ ತುಂಡಿನತ್ತ ಚಾಚಿತು. ಲೋಯಿಮಾತ ಅಭ್ಯಾಸಬಲದಿಂದ ತಟ್ಟೆಯನ್ನು ಅವನ ಕಡೆಗೇ ಸರಿಸಿದಳು. ಮೂಳೆ ಇನ್ನೂ ಅವಳ ಬಾಯಲ್ಲೇ ಇತ್ತು. ಅವನು ಅದನ್ನು ನೋಡಿದ. ಚಾಚಿದ ಕೈ ಅಲ್ಲೇ ನಿಂತಿತು. ಆಮೇಲೆ ಅದು ಅವಳ ತೊಡೆಯ ಮೇಲಿದ್ದ ಬೀಸಣಿಗೆಯನ್ನು ಎತ್ತಿಕೊಂಡು, ಅವಳ ತಟ್ಟೆಯ ನೊಣ ಓಡಿಸತೊಡಗಿತು.